ಉಕ್ಕಣ್ಣನ ಹೆಜ್ಜೆ

ರೇಡಿಯೋ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಸದ್ದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದನ್ನು ಯಾರಾದರೂ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ, ಕಂಕುಳಲ್ಲಿ ಹೆಣ್ಣುಮಗು. ಒಂದು ದಿನ ನಾಟಕದ ತಾಲೀಮು ನಡೆಯುತ್ತಿತ್ತು. ಮುನಿಸಿಕೊಂಡ ಗಂಡಸೊಬ್ಬ ಬಾಗಿಲು ಬಡಿದು ಮನೆ ಬಿಟ್ಟು ಹೋಗುವ ದೃಶ್ಯ. ಸದ್ದು ಮಾಡುವವನು ಹಲಗೆಯೊಂದನ್ನು ನೆಲಕ್ಕೆ ಬಡಿಯುತ್ತಿದ್ದ, ನಿರ್ದೇಶಕರು ತಲೆ ಚಚ್ಚಿಕೊಳ್ಳುತ್ತಿದ್ದರು. ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದವಳಿಗೆ ಬಾಯಿ ತಡೆಯಲಾಗಲಿಲ್ಲ.

“ಅದು ಬಾಗ್ಲಲ್ಲ ಸಾರ್, ಬರೀ ಹಲಗೆ. ಸಿಟ್ಟಲ್ಲಿ ಹೋದೋರು ಬಾಗ್ಲು ಬಡಿದ್ಮೇಲೆ ಚಿಲಕ ಸುಮ್ನಿರಲ್ಲ. ಅವರು ಬೀದಿ ತಿರುವು ದಾಟೋ ತನಕ ಕಿಣಿಕಿಣಿ ಅಂತಾನೇ ಇರುತ್ತೆ.”

“ನಿಂಗೆ ಹೇಗಮ್ಮ ಗೊತ್ತು ಅದು?”

“ನನ್ನ ಗಂಡ ಹಾಗೇ ಹೋಗಿದ್ದು.”

“ಹಾಗಾದ್ರೆ ನೀನೇ ಹಾಕು ನೋಡೋಣ” ಎಂದರು ನಿರ್ದೇಶಕರು. ಅವಳು ಹಾಕಿದಳು. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಸದ್ದಿನ ಕೋಣೆ ಎಂದರೆ ಕಿಟಕಿಯಿಲ್ಲದ ಒಂದು ಉಗ್ರಾಣ. ಅಲ್ಲಿನ ಸಾಮಾನು ನೋಡಿದವರು ಗುಜರಿ ಅಂಗಡಿ ಎಂದುಕೊಳ್ಳಬೇಕು. ಜರಡಿಯಲ್ಲಿ ಒಣ ಬಟಾಣಿ ಆಡಿಸಿದರೆ ಮಳೆ. ಬಟ್ಟೆಚೀಲದಲ್ಲಿ ಗಂಜಿಪುಡಿ ಹಿಸುಕಿದರೆ ಹಿಮದ ಮೇಲೆ ನಡಿಗೆ. ಕೊಡೆಯನ್ನು ಬಿಚ್ಚಿ ಮುಚ್ಚಿದರೆ ಹದ್ದಿನ ರೆಕ್ಕೆ. ಎಲೆಕೋಸಿನ ದಂಟು ಮುರಿದರೆ ಮೂಳೆ ಮುರಿತ. ಆ ಕೋಸನ್ನು ಸಂಜೆ ಮನೆಗೆ ತಂದು ಬೇಯಿಸುತ್ತಿದ್ದಳು. “ಇವತ್ತು ಯಾರ ಕಾಲು ಮುರಿದೆಯಮ್ಮ?” ಎಂದು ಕೇಳುತ್ತಾ ಮಗಳು ತಟ್ಟೆ ಮುಂದಿಡುತ್ತಿದ್ದಳು. ಹೀಗೆ ಇಪ್ಪತ್ತೈದು ವರ್ಷ. ಅಷ್ಟರಲ್ಲಿ ಮಗಳು ಬೆಳೆದು, ಮದುವೆಯಾಗಿ, ಬಸುರಿಯಾಗಿದ್ದಾಗಲೇ ಗಂಡನನ್ನು ಜ್ವರಕ್ಕೆ ಕಳೆದುಕೊಂಡು, ತಾಯಿಯ ಎರಡು ಕೋಣೆಯ ಮನೆಗೇ ಮರಳಿ ಬಂದಳು. ದಿನ ತುಂಬುವ ಮೊದಲೇ ಹೆತ್ತಳು. ಹುಟ್ಟಿದ ಮಗು ಅಂಗೈಯಗಲ ಇತ್ತು. “ಇದೇನೇ, ಉಪ್ಪಿನ ಚಿಟಿಕೆಯಷ್ಟಿದೆ!” ಎಂದಳು ಸದ್ದಕ್ಕ. ಹಾಗಾಗಿ ಚಿಟಿಕೆ ಎಂಬ ಹೆಸರೇ ನಿಂತಿತು.

ಮಗಳು ಬ್ರೆಡ್ಡಿನ ಕಾರ್ಖಾನೆಯಲ್ಲಿ ಒಲೆಯ ಮುಂದೆ ಕೆಲಸಕ್ಕೆ ಸೇರಿದಳು. ಬ್ರೆಡ್ಡಿಗೆ ಭಾನುವಾರವಿಲ್ಲ, ಅವಳಿಗೂ ಇರಲಿಲ್ಲ. ಆದ್ದರಿಂದ ಚಿಟಿಕೆ ಅಜ್ಜಿಯ ಜೊತೆ ಸದ್ದಿನ ಕೋಣೆಯಲ್ಲೇ, ಬಟಾಣಿ ಮೂಟೆಯ ಮೇಲೆ ಕೂತು ಬೆಳೆದಳು.

ಅವಳಿಗೆ ಮೂರು ತುಂಬಿದಾಗ ಉಕ್ಕಣ್ಣನ ಕಥೆ ಶುರುವಾಯಿತು.

ಕಥೆ ಬರೆದವರು ಪ್ರೈಮರಿ ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಭಾನುವಾರ ಸಂಜೆ ನಾಲ್ಕಕ್ಕೆ, ಕಾಲು ಗಂಟೆ, ಮಕ್ಕಳಿಗಾಗಿ. ಉಕ್ಕಣ್ಣ ಬೆಟ್ಟದೆತ್ತರದ ಯಂತ್ರಮಾನವ. ಯಾವುದೋ ಸೇನೆ ಊರುಗಳನ್ನು ತುಳಿದುಹಾಕಲೆಂದೇ ಅವನನ್ನು ಮಾಡಿತ್ತು. ಮೊದಲ ಊರು ತುಳಿಯಲು ಕಾಲೆತ್ತಿದಾಗ ಕೆಳಗೆ ಒಂದು ತಾರಸಿಯ ಮೇಲೆ ಸಣ್ಣ ಹುಡುಗಿಯೊಬ್ಬಳು ಅವನಿಗೆ ಟವಲ್ ಬೀಸಿದಳು. ಏನೆಂದು ನೋಡಲು ಬಗ್ಗಿದವನಿಗೆ ಬಂದ ಕೆಲಸವೇ ಮರೆತುಹೋಯಿತು. ಅಂದಿನಿಂದ ಅವನಿಗೆ ಬೇಕಾದದ್ದು ಒಂದೇ, ಕೂರಲು ಜಾಗ. ಅವನು ಕೂತಲ್ಲಿ ಯುದ್ಧ ನಡೆಯದು. ಅಷ್ಟು ದೊಡ್ಡ ಮೈಯನ್ನು ದಾಟಿ ಯಾರು ಯಾರಿಗೆ ಗುಂಡು ಹೊಡೆದಾರು? ಆದರೆ ಪ್ರತಿ ಊರಿನವರೂ “ಒಳ್ಳೆಯ ವಿಚಾರ, ಪಕ್ಕದ ಊರಲ್ಲಿ ಕೂರು” ಎನ್ನುತ್ತಿದ್ದರು. ಪಾಪ, ಅವನು ನಡೆಯುತ್ತಲೇ ಇದ್ದ. ಅವನ ಹೆಜ್ಜೆ ಕೇಳಿದ ಕೂಡಲೇ ಮಕ್ಕಳು ತಾರಸಿಗೆ ಓಡಿ ಟವಲ್ ಬೀಸಬೇಕು. ಆಗ ಅವನಿಗೆ ‘ಇಲ್ಲಿ ಮಕ್ಕಳಿದ್ದಾರೆ’ ಎಂದು ತಿಳಿಯುತ್ತದೆ, ಕಾಲು ಪಕ್ಕಕ್ಕೆ ಇಡುತ್ತಾನೆ.

ಉಕ್ಕಣ್ಣನ ದನಿ ಅಂಚೆ ಕಚೇರಿಯ ಗುಮಾಸ್ತನದು. ಎಲ್ಲರೂ ಅವನನ್ನು ಟಪಾಲಣ್ಣ ಎನ್ನುತ್ತಿದ್ದರು. ಕಡ್ಡಿಯಂಥ ಆಳು, ಬೆಕ್ಕು ಕಂಡರೆ ಕುರ್ಚಿ ಹತ್ತುವವನು. ಎಣ್ಣೆಯ ಖಾಲಿ ಪೀಪಾಯಿಯೊಳಗೆ ಮುಖವಿಟ್ಟು ಮಾತಾಡುತ್ತಿದ್ದ.

“ಅಕ್ಕ, ದೈತ್ಯನ ದನಿ ನಂದು, ಕಾಲು ನಿಂದು. ನಾವಿಬ್ರೂ ಸೇರಿದ್ರೆ ಒಂದು ಗಂಡಸು” ಎನ್ನುತ್ತಿದ್ದ.

“ಆ ಕಾಲಲ್ಲಿ ಬೆಕ್ಕನ್ನ ಮೊದ್ಲು ಓಡಿಸ್ಕೊಡ್ತೀನಿ ಬಿಡು.”

ಕಾಲು ಅವಳಿಗೆ ಸುಲಭಕ್ಕೆ ಒಲಿಯಲಿಲ್ಲ. ಬೋರಲು ಹಾಕಿದ ಕಬ್ಬಿಣದ ತೊಟ್ಟಿಯ ಮೇಲೆ ಒದ್ದೆ ಮರಳು ತುಂಬಿದ ಚೀಲ ಎತ್ತಿಹಾಕಿದಾಗ ಚಿಟಿಕೆ ಕಿಟಾರನೆ ಕಿರುಚಿ ಅತ್ತುಬಿಟ್ಟಳು. ಸದ್ದಕ್ಕ ಚೀಲ ಕೆಳಗಿಟ್ಟಳು. ಉಕ್ಕಣ್ಣ ಹೆದರಿಸಲು ಬರುವವನಲ್ಲ. ಅವನ ಹೆಜ್ಜೆ ಕೇಳಿದ ಮಗು ಅವನತ್ತ ಓಡಬೇಕು. ಮೂರು ವಾರ ಅದೇ ಕೆಲಸ. ತೊಟ್ಟಿಯ ಕೆಳಗೆ ಹಾಸಿಗೆ ಹಾಕಿದಳು, ಕಬ್ಬಿಣದ ಕೀರಲು ಹೋಯಿತು. ಮೇಲೆ ಹಳೆಯ ಕಂಬಳಿ ಹೊದಿಸಿದಳು, ಸದ್ದು ದೂರಕ್ಕೆ ಸರಿಯಿತು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಬಿಟ್ಟಳು. ಪ್ರತಿ ಸಲವೂ ಚೀಲ ಹಾಕಿ ಬಟಾಣಿ ಮೂಟೆಯತ್ತ ನೋಡುತ್ತಿದ್ದಳು. ಚಿಟಿಕೆ ತುಟಿ ಡೊಂಕು ಮಾಡಿದರೆ ಮತ್ತೆ ಬದಲಾವಣೆ. ಒಂದು ಮಧ್ಯಾಹ್ನ ಧುಮ್ ಎಂದ ಸದ್ದು, ನೆಲವೇ ಹೆಜ್ಜೆಯನ್ನು ಒಳಗೆ ಕರೆದುಕೊಂಡಂತೆ, ಮೆತ್ತಗೆ, ಆಳವಾಗಿ ಬಿತ್ತು. ಮಗು ಕಣ್ಣರಳಿಸಿತು. ಮೂಟೆಯಿಂದ ಇಳಿದು ಬಾಗಿಲವರೆಗೆ ಓಡಿ, ಹೊರಗೆ ಇಣುಕಿ, “ಎಲ್ಲಿ ಅಜ್ಜಿ? ಎಲ್ಲಿ ಬಂದ?” ಎಂದಿತು.

ಅಂದು ಸದ್ದಕ್ಕ ತೊಟ್ಟಿಯ ಜಾಗ, ಕಂಬಳಿಯ ಮಡಿಕೆ, ಚೀಲ ಎತ್ತುವ ಎತ್ತರ ಎಲ್ಲಕ್ಕೂ ಸೀಮೆಸುಣ್ಣದ ಗುರುತು ಹಾಕಿದಳು.

ಕಥೆ ಊರಿಗೆ ಊರನ್ನೇ ಹಿಡಿದುಕೊಂಡಿತು. ಭಾನುವಾರ ನಾಲ್ಕಕ್ಕೆ ಬೀದಿಯಲ್ಲಿ ಒಂದು ಮಗು ಕಾಣಿಸುತ್ತಿರಲಿಲ್ಲ. ನಾಲ್ಕೂ ಐದಕ್ಕೆ ಮೊದಲ ಹೆಜ್ಜೆ ಬಿದ್ದರೆ ಸಾಕು, ದಡಬಡನೆ ಮೆಟ್ಟಿಲು ಹತ್ತುವ ಸದ್ದು, ಆಮೇಲೆ ತಾರಸಿ ತಾರಸಿಯಲ್ಲೂ ಟವಲ್ಲು. “ಸ್ನಾನಕ್ಕೆ ಹೋದ್ರೆ ಒರೆಸ್ಕೊಳ್ಳೋಕೆ ಒಂದು ಚಿಂದಿ ಸಿಗಲ್ಲ ಕಣಕ್ಕ, ನಿನ್ನ ದೈತ್ಯನ ದೆಸೆಯಿಂದ” ಎಂದು ಕೆಳಗಿನ ಮನೆಯಾಕೆ ಬೈಯುತ್ತಿದ್ದಳು. ಐದಕ್ಕೆ ಕಾಲಿಟ್ಟ ಮೇಲೆ ಚಿಟಿಕೆಯೂ ಕೇಂದ್ರಕ್ಕೆ ಬರುವುದನ್ನು ಬಿಟ್ಟಳು. ಕೆಳಗಿನ ಮನೆಯ ಹುಡುಗಿಯ ಜೊತೆ ತಾರಸಿಯಲ್ಲಿರುವುದೇ ಅವಳಿಗೆ ಹೆಚ್ಚು ಇಷ್ಟವಾಯಿತು. ಹೆಜ್ಜೆ ಮಾಡುವವಳು ತನ್ನ ಅಜ್ಜಿ ಎಂಬುದು ಅವಳಿಗೆ ಗೊತ್ತಿತ್ತು. ಉಕ್ಕಣ್ಣ ನಿಜವಾಗಿ ಬರುತ್ತಾನೆ ಎಂಬುದೂ ಗೊತ್ತಿತ್ತು. ಎರಡರ ನಡುವೆ ಅವಳಿಗೆ ಯಾವ ಜಗಳವೂ ಕಾಣಲಿಲ್ಲ.

ಎಲ್ಲವೂ ನೇರ ಪ್ರಸಾರ. ಟೇಪಿನಲ್ಲಿ ಹಿಡಿದಿಡುವ ಅನುಕೂಲ ಆ ಸಣ್ಣ ಕೇಂದ್ರಕ್ಕೆ ಇರಲಿಲ್ಲ. ಭಾನುವಾರ ಆ ಹೊತ್ತಿಗೆ ಒಲೆಯ ಮುಂದಿರುತ್ತಿದ್ದ ಮಗಳು ಒಂದೇ ಒಂದು ಸಲವೂ ಅದನ್ನು ಕೇಳಿರಲಿಲ್ಲ.

ಯುದ್ಧದ ಮಾತು ಆ ವರ್ಷವೆಲ್ಲ ಇತ್ತು. ನದಿಯಾಚೆ ಸೇನೆ ಬಂದಿದೆಯಂತೆ, ಇಲ್ಲವಂತೆ, ಮಾತುಕತೆ ನಡೆದಿದೆಯಂತೆ. ಜನ ಬೇಳೆ, ಸೀಮೆಎಣ್ಣೆ ಕೂಡಿಟ್ಟುಕೊಂಡರು. ಯುದ್ಧ ಹೇಗಿರುತ್ತದೆ, ಯಾವ ಸದ್ದು ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಲಿಲ್ಲ. ಹೇಳಲು ಹಿರಿಯರಿಗೂ ತಿಳಿದಿರಲಿಲ್ಲ.

ಆ ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮುಂದಿನ ವಾರ ಕಥೆ ಮುಗಿಯಬೇಕಿತ್ತು. ಉಕ್ಕಣ್ಣನಿಗೆ ಕೊನೆಗೂ ಕೂರಲು ಜಾಗ ಸಿಗುವುದಿತ್ತು. ಸದ್ದಕ್ಕ ಕಂಬಳಿಯ ಮಡಿಕೆ ಸರಿಮಾಡುತ್ತಿದ್ದಳು. ಎಲ್ಲಿಂದಲೋ ಧುಮ್ ಎಂದಿತು.

ಅವಳು ತಲೆಯೆತ್ತಿದಳು. ಯಾರೋ ನನ್ನ ತೊಟ್ಟಿ ಮುಟ್ಟಿದರು ಎಂದುಕೊಂಡಳು. ತೊಟ್ಟಿ ಅವಳ ಕಣ್ಣೆದುರೇ ಇತ್ತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಮತ್ತೆ ಧುಮ್. ದೂರದಿಂದ, ಮೆತ್ತಗೆ, ಆಳವಾಗಿ. ‘ಯಾರಪ್ಪ ಇದು, ಇಷ್ಟು ಸರಿಯಾಗಿ ಮಾಡ್ತಿರೋರು’ ಎಂದು ಒಂದು ಚಣ ಹೊಟ್ಟೆಕಿಚ್ಚೂ ಆಯಿತು. ಆ ಒಂದು ಚಣವನ್ನು ಅವಳು ಆಮೇಲೆ ತನಗೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಟಪಾಲಣ್ಣ ಪೀಪಾಯಿಯಿಂದ ಮುಖ ಹೊರಗೆ ತೆಗೆದ. ಬಣ್ಣವೇ ಇರಲಿಲ್ಲ ಆ ಮುಖದಲ್ಲಿ. “ಅಕ್ಕ, ಫಿರಂಗಿ. ನದಿಯಾಚೆಯಿಂದ” ಎಂದ.

ಮೂವತ್ತು ವರ್ಷದಲ್ಲಿ ಒಂದು ಸಲವೂ ಮೈಕಿನ ಮುಂದೆ ಬಾಯಿ ತೆರೆಯದವಳು ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಮಕ್ಳೇ, ಅದು ಅವ್ನಲ್ಲ! ಕೆಳಗಿಳೀರಿ! ತಾರಸಿಗೆ ಹೋಗ್ಬೇಡಿ, ಅದು ನಮ್ಮ ಉಕ್ಕಣ್ಣ ಅಲ್ಲ! ಚಿಟಿಕೆ, ಕೆಳಗಿಳಿ ಕಂದ!” ದನಿ ಒಡೆಯುವ ತನಕ ಕೂಗಿದಳು. ಮೇಷ್ಟ್ರು ಅವಳ ಭುಜ ಹಿಡಿದು ಗೋಡೆಯ ಕಡೆ ತೋರಿಸಿದರು. ಪ್ರಸಾರದ ಕೆಂಪು ದೀಪ ಆರಿಹೋಗಿತ್ತು. ಪ್ರಸಾರ ಗೋಪುರದ ಕರೆಂಟು ಮೊದಲ ಗುಂಡಿಗೇ ಹೋಗಿತ್ತು.

ಆ ಸಂಜೆ ಊರಿನ ಹನ್ನೊಂದು ತಾರಸಿಗಳ ಮೇಲೆ ಮಕ್ಕಳಿದ್ದರು.

ಚಿಟಿಕೆಯ ಜೊತೆಗಿದ್ದ ಕೆಳಗಿನ ಮನೆಯ ಹುಡುಗಿ ಬದುಕಿಕೊಂಡಳು. ಅವಳು ಟವಲ್ ಮರೆತು, ತರಲು ಅರ್ಧ ಮೆಟ್ಟಿಲು ಇಳಿದಿದ್ದಳು. ಎಡಗಿವಿ ಮಾತ್ರ ಹೋಯಿತು. ಆಸ್ಪತ್ರೆಯ ಮಂಚದಲ್ಲಿ ಅವಳು ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಮೊದಲ ಸದ್ದು ಬಂದಾಗ ಇಬ್ಬರೂ ಜಗುಲಿಯಲ್ಲಿ ಆಡುತ್ತಿದ್ದರು. ಚಿಟಿಕೆ ಎದ್ದು ಕುಣಿದಳು. “ಏಯ್, ನಮ್ಮಜ್ಜಿ ಇವತ್ತು ಬೇಗ ಶುರು ಮಾಡಿದಾಳೆ ಕಣೇ!” ಎಂದು ಮೆಟ್ಟಿಲು ಹತ್ತಿ ಓಡಿದಳು.

ಇದನ್ನು ಕೇಳುವಾಗ ಸದ್ದಕ್ಕನ ಮಗಳು ಮಂಚದ ಆಚೆ ಬದಿಯಲ್ಲಿ ನಿಂತಿದ್ದಳು. ತೋಳಿನ ಮೇಲೆ ಇನ್ನೂ ಹಿಟ್ಟು. ಅವಳು ತಾಯಿಯ ಕಡೆ ನೋಡಿದಳು. “ನಿನ್ನ ಸದ್ದು ಅಂದ್ಕೊಂಡು ಹೋದ್ಲು” ಎಂದಳು.

ಆಮೇಲೆ ಮಾತಾಡಲಿಲ್ಲ.

ಒಂದು ವಾರ ಎಂದುಕೊಂಡಳು ಸದ್ದಕ್ಕ, ತಿಂಗಳು ಎಂದುಕೊಂಡಳು. ಎಂಟು ತಿಂಗಳಾಯಿತು. ಎರಡೇ ಕೋಣೆ, ಒಂದೇ ಒಲೆ. ಮಗಳು ಅಡುಗೆ ಮಾಡಿ ಮುಚ್ಚಿಡುತ್ತಿದ್ದಳು, ತಾಯಿಯ ಬಟ್ಟೆಯನ್ನೂ ಒಗೆದು ಮಡಚಿಡುತ್ತಿದ್ದಳು. ಒಂದು ಮಾತು ಮಾತ್ರ ಇಲ್ಲ. ಬೇರೆಯವರಾಗಿದ್ದರೆ ಆ ಮನೆಯನ್ನು ಮೌನ ಎನ್ನುತ್ತಿದ್ದರು. ಸದ್ದಕ್ಕನ ಕಿವಿಗೆ ಅಲ್ಲಿ ಮೌನವೇ ಇರಲಿಲ್ಲ. ಮಗಳು ಲೋಟ ಇಡುವ ಸದ್ದು, ಮೊದಲು ಅಂಚು ತಾಗಿಸಿ ಆಮೇಲೆ ತಳ. ಬಾಚಣಿಗೆ ಕೂದಲಲ್ಲಿ ಸಿಕ್ಕಿ ನಿಲ್ಲುವ ಸದ್ದು. ಗೋಡೆಯಾಚೆ ಹೊರಳಿ ಮಲಗುವ ಸದ್ದು, ಅಲ್ಲಿಂದ ಮೂಗಿನಲ್ಲಿ ಎಳೆಯುವ ಉಸಿರು. ಪ್ರತಿಯೊಂದನ್ನೂ ಅವಳು ಕಿವಿಗೊಟ್ಟು ಕೇಳುತ್ತಿದ್ದಳು, ಒಂದರೊಳಗೂ ತನಗಾಗಿ ಏನೂ ಇರಲಿಲ್ಲ. ಬೈದರೂ ಸಾಕಿತ್ತು. ಹೊರಗೆ ಹೋಗು ಎಂದಿದ್ದರೂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಅವಳಿಗೆ ಈ ಲೋಕದಲ್ಲಿ ಬೇಕಾದದ್ದು ಇಷ್ಟೇ ಆಗಿತ್ತು, ಮಗಳ ಬಾಯಿಂದ ತನ್ನ ಕಡೆಗೆ ಒಂದು ಮಾತು.

ಕೇಂದ್ರದಲ್ಲಿ ಅವಳಿಗೆ ಆಗ ಹೆಚ್ಚು ಕೆಲಸವಿರಲಿಲ್ಲ. ಸುದ್ದಿಗೆ ಸದ್ದು ಬೇಡ. ತೊಟ್ಟಿ ಗೋಡೆಗೆ ಒರಗಿತ್ತು, ಅವಳು ಅದರ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು.

ಎಂಟನೆಯ ತಿಂಗಳಲ್ಲಿ ಎರಡೂ ಕಡೆಯವರು ಕಾಗದಕ್ಕೆ ಸಹಿ ಹಾಕಿದರು. ಗುಂಡು ನಿಂತಿತು. ಆ ವಾರದ ಕೊನೆಗೆ ಮೇಷ್ಟ್ರು ಅವಳ ಮನೆಗೆ ಬಂದರು. ಅಷ್ಟರಲ್ಲಿ ಅವರಿಗೆ ಕೋಲು ಬೇಕಾಗಿತ್ತು. ಮಗಳು ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು, ಬಾಗಿಲು ತೆರೆದೇ ಇತ್ತು.

“ಕೊನೇ ಕಂತು ಹಾಕ್ಬೇಕು ಅಂತಿದೀವಿ ಸದ್ದಕ್ಕ” ಎಂದರು ಮೇಷ್ಟ್ರು, ನೆಲ ನೋಡುತ್ತಾ.

“ಹಾಕಿ.”

“ಹೆಜ್ಜೆ ಬೇಕಲ್ಲ.”

“ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

“ನೋಡಿದೆ. ಟಪಾಲಣ್ಣ ಮಾಡಿದ. ಮೂಟೆ ಇಳಿಸಿದ ಹಾಗಿದೆ.”

“ಅವನ ಕೈಲಿ ಇನ್ನೇನಾಗುತ್ತೆ. ಆದ್ರೆ ನನ್ನ ಕೈಲಾಗಲ್ಲ ಮೇಷ್ಟ್ರೇ. ಈ ಕೈ ಕತ್ತರ್ಸಿ ಹಾಕಿ, ಮತ್ತೆ ಆ ಸದ್ದು ಮಾಡಲ್ಲ.”

ಮೇಷ್ಟ್ರು ಕೋಲಿನ ತುದಿಯಿಂದ ನೆಲ ಗೀರಿದರು. “ನಂಗೇನು ಆಸೆ ಅಂದ್ಕೊಂಡ್ಯಾ? ಕಥೆ ಬರ್ದೋನು ನಾನು. ಟವಲ್ ಬೀಸಿ ಅಂತ ಹೇಳ್ಕೊಟ್ಟೋನೂ ನಾನೇ. ಆದ್ರೆ ಒಂದ್ಸಲ ಶಾಲೆಗೆ ಬಂದು ನೋಡು. ಬೆಂಚು ಎಳೆದ್ರೆ ಸಾಕು, ಮೂವತ್ತು ಮಕ್ಕಳು ಮೇಜಿನ ಕೆಳಗೆ. ಅವ್ನು ಇನ್ನೂ ನಡೀತಾನೇ ಇದಾನೆ ಅವರ ತಲೇಲಿ. ನಮ್ಮನ್ನ ತುಳಿಯೋಕೆ ಬರ್ತಿದಾನೆ ಅಂದ್ಕೊಂಡಿದಾವೆ. ಹಾಗೆ ಬಿಟ್ಟುಬಿಡೋದಾ? ಅವನನ್ನ ಕೂರಿಸ್ಬೇಕಲ್ವೇನಮ್ಮ?”

ಒಳಕೋಣೆಯಲ್ಲಿ ಬಟ್ಟೆ ಒದರುವ ಸದ್ದು ನಿಂತಿದ್ದು ಸದ್ದಕ್ಕನಿಗೆ ಕೇಳಿಸಿತು.

ಮರುದಿನ ಮಧ್ಯಾಹ್ನ ಅವಳು ಸದ್ದಿನ ಕೋಣೆಯಲ್ಲಿ ಜರಡಿಯ ಬಟಾಣಿಯಲ್ಲಿ ಹುಳು ಆರಿಸುತ್ತಿದ್ದಾಗ ಹಜಾರದಲ್ಲಿ ಚಪ್ಪಲಿಯ ಸದ್ದಾಯಿತು. ಅದು ಯಾರದೆಂದು ಅವಳಿಗೆ ನಾಲ್ಕನೇ ಹೆಜ್ಜೆಗೇ ಗೊತ್ತಾಯಿತು. ಗೊತ್ತಾದರೂ ನಂಬಲಿಲ್ಲ. ಮಗಳು ಬಾಗಿಲಲ್ಲಿ ನಿಂತಳು, ಹುಬ್ಬಿನ ಮೇಲೆಲ್ಲ ಹಿಟ್ಟು. ಕೆಲಸದ ನಡುವೆ ಎದ್ದು ಬಂದಿದ್ದಳು.

“ಅದನ್ನ ಮಾಡು” ಎಂದಳು.

ಎಂಟು ತಿಂಗಳ ಮೇಲಿನ ಮೊದಲ ಮಾತು. ಸದ್ದಕ್ಕನ ಕೈಯಿಂದ ಬಟಾಣಿ ಜಾರಿ ನೆಲದ ಮೇಲೆಲ್ಲ ಉರುಳಿದವು.

“ಏನನ್ನೇ?”

“ನಿಂಗೊತ್ತು ಏನನ್ನ ಅಂತ. ನಾನು ಕೇಳೇ ಇಲ್ಲ ಅದನ್ನ. ಊರೆಲ್ಲ ಕೇಳಿದೆ, ನಾನು ಕೇಳಿಲ್ಲ. ಅವಳು ಯಾತಕ್ಕೆ ಹಾಗೆ ಓಡಿದ್ಲು ಅಂತ ನಂಗೆ ಗೊತ್ತಾಗ್ಬೇಕು.”

“ಬೇಡ ಮಗಳೇ.”

“ಅವಳು ಎಲ್ಲಿ ಕೂರ್ತಿದ್ಲು?”

ಸದ್ದಕ್ಕ ಬಟಾಣಿ ಮೂಟೆ ತೋರಿಸಿದಳು. ಮಗಳು ಹೋಗಿ ಅದರ ಮೇಲೆ ಕೂತಳು. ದೊಡ್ಡವಳಿಗೆ ಅದು ತಗ್ಗು. ಮೊಣಕಾಲುಗಳು ಎದೆಯವರೆಗೆ ಬಂದವು. ಕಣ್ಣು ಮುಚ್ಚಿಕೊಂಡಳು.

ಸದ್ದಕ್ಕ ಹಾಸಿಗೆ ಹಾಸಿದಳು. ತೊಟ್ಟಿ ಬೋರಲು ಹಾಕಿ ಸೀಮೆಸುಣ್ಣದ ಗುರುತಿಗೆ ಸರಿಯಾಗಿ ತಳ್ಳಿದಳು. ಕಂಬಳಿ ಹೊದಿಸಿದಳು. ಒಣಗಿಹೋಗಿದ್ದ ಮರಳಿಗೆ ನೀರು ಚಿಮುಕಿಸಿ, ಕೈಯಿಂದ ಕಲಸಿ, ಹದ ನೋಡಿದಳು. ಮಗಳು ಕಾದಳು. ಚೀಲ ಎತ್ತಿದಾಗ ಭುಜ ಸಿಡಿಯಿತು, ಮೊದಲಿನ ಬಲವಿಲ್ಲ. ಬೇಕೆಂದೇ ಕೆಡಿಸಿಬಿಡಲೇ ಎನಿಸಿತು ಒಮ್ಮೆ. ಚೀಲವನ್ನು ತುಸು ಓರೆಯಾಗಿ ಬಿಟ್ಟರೆ ಸಾಕು, ಮೂಟೆ ಇಳಿಸಿದಂತೆ ದಬಕ್ಕೆನ್ನುತ್ತದೆ. ಇಷ್ಟೇನಾ ಎಂದು ಮಗಳು ಎದ್ದು ಹೋಗುತ್ತಾಳೆ. ಆದರೆ ಮಗಳು ಕೇಳಲು ಬಂದದ್ದು ಆ ಸದ್ದನ್ನು. ಸುಳ್ಳು ಸದ್ದು ಮಾಡಿ ಅವಳಿಗೆ ಗೊತ್ತಿರಲಿಲ್ಲ.

ಧುಮ್.

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ಧುಮ್.

ಮೂರನೆಯದಕ್ಕೆ ಚೀಲ ಎತ್ತುತ್ತಾ, ರೂಢಿಯಂತೆ, ಮೂಟೆಯತ್ತ ನೋಡಿದಳು. ಮಗಳ ಮುಖ ಬದಲಾಗಿತ್ತು. ಎಂಟು ತಿಂಗಳಿಂದ ಬಿಗಿದುಕೊಂಡಿದ್ದ ದವಡೆ ಸಡಿಲವಾಗಿತ್ತು. ಗೊತ್ತಿರುವವರು ಯಾರೋ ಬೀದಿಯ ಕೊನೆಯಿಂದ ಕೂಗಿದಾಗ ಮಕ್ಕಳು ಕತ್ತು ಚಾಚುವಂತೆ ಅವಳು ಬಾಗಿಲ ಕಡೆಗೆ ವಾಲಿದ್ದಳು. ಮೂರನೇ ಹೆಜ್ಜೆ ಬಿದ್ದಾಗ ಮೂಟೆಯಿಂದ ಅರ್ಧ ಎದ್ದಳು. ಆಮೇಲೆ ತಾನು ಎದ್ದಿರುವುದು ಅರಿವಾಗಿ ಕಣ್ಣು ತೆರೆದಳು.

ತಾಯಿಯ ಕಡೆಗೆ ತಿರುಗಿದಳು.

“ಯಾಕಮ್ಮ ಇಷ್ಟು ಚೆನ್ನಾಗಿ ಮಾಡಿದೆ?” ಎಂದಳು.

“ಹೆದರ್ಬಾರ್ದು ಅಂತ” ಎಂದಳು ಸದ್ದಕ್ಕ. “ಅವಳು ಹೆದರ್ಬಾರ್ದು ಅಂತ ಕಣೇ.”

ಮಗಳು ಮತ್ತೆ ಮೂಟೆಯ ಮೇಲೆ ಕುಸಿದು, ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಮಾಡುವಾಗ ಅತ್ತಿರಲಿಲ್ಲ. ಸದ್ದಕ್ಕ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಳು. ಕಾಲಡಿಗೆ ಬಟಾಣಿ ಚಟ್ ಎಂದಿತು. ಮಗಳು ತಲೆಯೆತ್ತದೆ ಕೈ ಅಡ್ಡ ಚಾಚಿದಳು. ಬರಬೇಡ ಎಂದು. ಸದ್ದಕ್ಕ ಅಲ್ಲೇ ನಿಂತಳು. ಒದ್ದೆ ಮರಳು ಬೆರಳುಗಳ ಮೇಲೆ ಒಣಗುವ ತನಕ ನಿಂತಳು.

ಅಳು ನಿಂತ ಮೇಲೆ ಮಗಳು ಎದ್ದು ಮುಖ ಒರೆಸಿಕೊಂಡಳು. ಹಿಟ್ಟು ಕಣ್ಣೀರಿಗೆ ಕಲಸಿ ಕೆನ್ನೆಗೆ ಅಂಟಿತ್ತು. ಬಾಗಿಲ ಹತ್ತಿರ ನಿಂತು, ತಿರುಗದೆ ಹೇಳಿದಳು:

“ಇದನ್ನ ಇನ್ನು ಯಾರಿಗೂ ಮಾಡ್ಬೇಡ.”

“ಇಲ್ಲ.”

“ಆ ಮಕ್ಕಳಿಗೂ ಬೇಡ.”

“ಇಲ್ಲ ಕಣೇ. ಮಾಡಲ್ಲ.”

ಮಗಳು ಹೋದ ಮೇಲೆ ಸದ್ದಕ್ಕ ಒದ್ದೆ ಚಿಂದಿಯಿಂದ ಸೀಮೆಸುಣ್ಣದ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಮೇಷ್ಟ್ರ ಬಳಿ ಹೋಗಿ, “ಉಕ್ಕಣ್ಣ ಕೂತ್ಕೊಳ್ಲಿ. ಆದ್ರೆ ನಡ್ಕೊಂಡು ಬರೋದು ಬೇಡ. ಬಂದಾಗಿದೆ ಅಂತ ಶುರು ಮಾಡಿ” ಎಂದಳು. ಮೇಷ್ಟ್ರು ಅವಳ ಕೈ ನೋಡಿದರು, ಮುಖ ನೋಡಿದರು. ಹಾಗೇ ಆಗಲಿ ಎಂದರು.

ಕೊನೆಯ ಕಂತಿನ ದಿನ ಅವಳಿಗೆ ಕೇಂದ್ರದಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ, ಗೋಡೆಗೆ ಒರಗಿ ಕೂತು, ಆ ಕಥೆಯನ್ನು ಮೊಟ್ಟಮೊದಲ ಬಾರಿಗೆ ಎಲ್ಲರ ಹಾಗೆ ರೇಡಿಯೋದಿಂದ ಕೇಳಿದಳು. ಮಗಳು ಅಂದು ಕಾರ್ಖಾನೆಗೆ ಹೋಗಿರಲಿಲ್ಲ. ಆ ಮಧ್ಯಾಹ್ನದ ನಂತರ ಮಗಳು ಮಾತಾಡುತ್ತಿದ್ದಳು, ಆದರೆ ಲೆಕ್ಕಕ್ಕೆ ಸಿಗುವಷ್ಟು. ಉಪ್ಪು ಮುಗಿದಿದೆ. ನೀರು ಬಂದಿದೆ. ಅಮ್ಮ ಎಂಬ ಪದ ಅವುಗಳಲ್ಲಿ ಇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಕೆಳಗಿನ ಮನೆಯ ಹುಡುಗಿ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತಳು. ಎಂಟು ತಿಂಗಳಲ್ಲಿ ಅವಳು ಈ ಬಾಗಿಲಿಗೆ ಬಂದಿರಲಿಲ್ಲ. ಹುಡುಗಿ ತಾನೇ ಒಳಗೆ ಬಂದು, ರೇಡಿಯೋದ ಪಕ್ಕ ಕೂತು, ಕೇಳುವ ಕಿವಿಯನ್ನು ಅದಕ್ಕೆ ಹಚ್ಚಿದಳು.

ಪೀಪಾಯಿಯೊಳಗಿಂದ ಟಪಾಲಣ್ಣನ ದನಿ ಬಂತು. ಉಕ್ಕಣ್ಣ ನದಿಯ ನಡುವಿನ ದಿಬ್ಬದ ಮೇಲೆ ಕೂತಿದ್ದ. ಕೂತು ತುಂಬ ದಿನವಾಗಿತ್ತು. ಎರಡೂ ದಡದವರು ಅವನ ಎರಡು ಮೊಣಕಾಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ನನಗೆ ಇನ್ನು ಎಲ್ಲಿಗೂ ಹೋಗಬೇಕಿಲ್ಲ ಮಕ್ಕಳೇ, ಎನ್ನುತ್ತಿದ್ದ ಅವನು. ಆ ಕಡ್ಡಿ ಮನುಷ್ಯನ ದನಿ ನಡುನಡುವೆ ನಡುಗುತ್ತಿತ್ತು, ಅದು ಕಥೆಯಲ್ಲಿ ಬರೆದದ್ದಲ್ಲ ಎಂದು ಸದ್ದಕ್ಕನಿಗೆ ತಿಳಿಯಿತು.

ಹುಡುಗಿ ಕಿವಿ ಸರಿಮಾಡಿದಳು, ರೇಡಿಯೋದ ತಿರುಪು ಮುಟ್ಟಿದಳು. ಆಮೇಲೆ ಇಬ್ಬರು ದೊಡ್ಡವರ ಕಡೆಗೂ ಅನುಮಾನದಿಂದ ತಿರುಗಿದಳು.

“ಅವ್ನು ಬಂದಿದ್ದು ಕೇಳಿಸ್ಲೇ ಇಲ್ಲ. ಈ ಕಿವೀಗೂ ಕೇಳ್ಲಿಲ್ಲ. ಹೇಗ್ ಬಂದ?”

ಉತ್ತರ ಬಂದದ್ದು ಒಲೆಯ ಕಡೆಯಿಂದ, ಮಗಳ ಬಾಯಿಂದ.

“ಮೆಲ್ಲಗೆ ಬಂದ ಪುಟ್ಟ. ಮಕ್ಕಳು ಮಲಗಿದಾವೆ ಅಂತ, ಚಪ್ಪಲಿ ಬಿಟ್ಟು ಬಂದ.”

“ಅಷ್ಟು ದೊಡ್ಡೋನಿಗೆ ಚಪ್ಪಲಿ ಇರುತ್ತಾ?”

“ಇರುತ್ತೆ. ಬಸ್ಸಿನಷ್ಟುದ್ದ.”

ಹುಡುಗಿ ಯೋಚಿಸಿದಳು. ಸರಿಯೆನಿಸಿರಬೇಕು. ಮತ್ತೆ ಕಿವಿ ರೇಡಿಯೋಕ್ಕೆ ಹಚ್ಚಿದಳು. ಮಗಳು ಬ್ರೆಡ್ಡಿನ ಎರಡು ತುಂಡು ಸುಟ್ಟು, ಒಂದನ್ನು ಆ ಮಗುವಿನ ಕೈಗೆ ಕೊಟ್ಟಳು. ಇನ್ನೊಂದನ್ನು ತಟ್ಟೆಯಲ್ಲಿಟ್ಟು ತಾಯಿಯ ಮುಂದೆ ಇಟ್ಟಳು.

“ತಿನ್ನಮ್ಮ, ಆರಿಹೋಗುತ್ತೆ” ಎಂದಳು.

ಸದ್ದಕ್ಕ ತುಂಡನ್ನು ಎತ್ತಿಕೊಂಡಳು. ಬಾಯಿಗೆ ಇಟ್ಟಳು.